ಕೆಲಸಕ್ಕೆ ಹೋಗುವುದಕ್ಕೂ ವಿಮಾನ

ನಿಮ್ಮ ಮನೆಯ ಹುಡುಗನೋ ಹುಡುಗಿಯೋ "ನಾನು ಪೈಲಟ್ ಆಗುತ್ತೇನೆ" ಎಂದು ಹಠ ಹಿಡಿದರೆ ನೀವು ಮೊದಲು ವಿಚಾರಿಸುವುದು ತರಬೇತಿಯ ಖರ್ಚನ್ನು, ಆಮೇಲೆ ಸಂಬಳವನ್ನು. ಎರಡೂ ಕೇಳತಕ್ಕ ಪ್ರಶ್ನೆಗಳೇ. ಆದರೆ ಮೂರನೆಯದೊಂದುಂಟು: ಮನೆ ಎಲ್ಲಿ, ಕೆಲಸ ಎಲ್ಲಿ? ಬಸ್ಸು ಹಿಡಿದು ಕಚೇರಿಗೆ ಹೋಗುವ ನಮಗೆ ಇದು ದೊಡ್ಡ ಮಾತೆನಿಸದು. ಅಮೆರಿಕದ ವಿಮಾನ ಚಾಲಕರಿಗೆ ಮಾತ್ರ ಇದು ನಿದ್ರೆಯ ಪ್ರಶ್ನೆ, ಒಮ್ಮೊಮ್ಮೆ ಪ್ರಾಣದ ಪ್ರಶ್ನೆ.

ಅಲ್ಲಿನ ಏರ್ಪಾಡು ಹೀಗಿದೆ. ಪ್ರತಿಯೊಬ್ಬ ಪೈಲಟ್ಟಿಗೂ ಕಂಪನಿ ಒಂದು ಊರನ್ನು ಗೊತ್ತುಮಾಡುತ್ತದೆ. ಅದಕ್ಕೆ 'ಬೇಸ್' ಎಂದು ಹೆಸರು. ಅವನ ಸರದಿ ಅಲ್ಲಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ಯಾವ ಬೇಸ್, ಯಾವ ವಿಮಾನ, ಯಾವ ಹಬ್ಬಕ್ಕೆ ರಜ ಎಂಬುದನ್ನೆಲ್ಲ ನಿರ್ಣಯಿಸುವುದು ಸೀನಿಯಾರಿಟಿ ಪಟ್ಟಿ. ಕೆಲಸಕ್ಕೆ ಸೇರಿದ ತಾರೀಖೇ ಅಲ್ಲಿ ಜಾತಕ. ಇಪ್ಪತ್ತು ವರ್ಷ ಹಾರಿದ ಕ್ಯಾಪ್ಟನ್ ಕೂಡ ಕಂಪನಿ ಬದಲಿಸಿದರೆ ಪಟ್ಟಿಯ ತಳದಿಂದಲೇ ಆರಂಭಿಸಬೇಕು. ಆದುದರಿಂದ ಮೊದಲ ಕಂಪನಿಯನ್ನು ಆರಿಸುವಾಗ ಹೆಣ್ಣು ನೋಡುವಷ್ಟೇ ಯೋಚನೆ ಮಾಡುತ್ತಾರೆ.

ಬೇಸನ್ನು ಕಂಪನಿ ಮುಚ್ಚಬಹುದು, ಬದಲಿಸಬಹುದು. ಪ್ರತಿ ಸಲವೂ ಮಕ್ಕಳ ಶಾಲೆ ಬಿಡಿಸಿ ಸಂಸಾರ ಸಾಗಿಸುವವರಾರು? ಹಲವರು ಮನೆಯನ್ನು ಇದ್ದಲ್ಲೇ ಇರಿಸಿಕೊಂಡು ತಾವು ವಿಮಾನದಲ್ಲಿ ಓಡಾಡುತ್ತಾರೆ. ಸೀಟು ಖಾಲಿಯಿದ್ದರೆ ಪ್ರಯಾಣಿಕರ ನಡುವೆ. ಇಲ್ಲವಾದರೆ ಚಾಲಕರ ಹಿಂದಿರುವ 'ಜಂಪ್ ಸೀಟ್' ಎಂಬ ಇಕ್ಕಟ್ಟಾದ ಕುರ್ಚಿಯಲ್ಲಿ. ಜಾಗ ಸಿಕ್ಕೇ ಸಿಕ್ಕೀತೆಂಬ ಭರವಸೆ ಇಲ್ಲ. ಬೆಳಗಿನ ಸರದಿಯಾದರೆ ಹಿಂದಿನ ದಿನವೇ ಹೊರಡಬೇಕು. ಬೇಸ್ ಊರಿನಲ್ಲಿ ಹತ್ತಾರು ಮಂದಿ ಸೇರಿ ಒಂದು ಮನೆ ಹಿಡಿದು, ಮಂಚಕ್ಕೆ ಇಷ್ಟೆಂದು ಬಾಡಿಗೆ ಹಂಚಿಕೊಳ್ಳುವುದೂ ಉಂಟು. ಆ ಬಾಡಿಗೆಯೂ ಹೊಸಬರಿಗೆ ಭಾರವಾಗಿದ್ದ ಕಾಲವೊಂದಿತ್ತು.

2009ರ ಫೆಬ್ರವರಿ 12ರ ರಾತ್ರಿ ನ್ಯೂವಾರ್ಕಿನಿಂದ ಬಫಲೋ ನಗರಕ್ಕೆ ಹೊರಟ ಕೋಲ್ಗನ್ ಏರ್ ವಿಮಾನ ಇನ್ನೇನು ಇಳಿಯಬೇಕೆನ್ನುವಾಗ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಮಂದಿ, ಮನೆಯಲ್ಲಿದ್ದ ಒಬ್ಬರು ತೀರಿಕೊಂಡರು. ಸಹಪೈಲಟ್ ಹಿಂದಿನ ಸಂಜೆ ಪಶ್ಚಿಮ ತೀರದ ಸಿಯಾಟಲಿನಿಂದ ಹೊರಟು, ಮೆಂಫಿಸ್ ಮಾರ್ಗವಾಗಿ ಸರಕು ವಿಮಾನಗಳಲ್ಲಿ ರಾತ್ರಿಯೆಲ್ಲ ಪಯಣಿಸಿ ಬೆಳಗ್ಗೆ ನ್ಯೂವಾರ್ಕ್ ತಲುಪಿದ್ದರು. ಕ್ಯಾಪ್ಟನ್ನರ ಮನೆ ಫ್ಲಾರಿಡಾದಲ್ಲಿ. ನ್ಯೂವಾರ್ಕಿನಲ್ಲಿ ಬಿಡಾರವಿಲ್ಲದೆ ಸಿಬ್ಬಂದಿಯ ಕೊಠಡಿಯಲ್ಲೇ ಮಲಗಿದ್ದರು. ವೇಗ ಕುಗ್ಗಿತೆಂಬ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ವಿಮಾನದ ಮೂತಿಯನ್ನು ಇಳಿಸುವ ಬದಲು ಮೇಲೆತ್ತಿದುದೇ ಕಾರಣವೆಂದು ತನಿಖೆ ಹೇಳಿತು. ಆಯಾಸವೂ ಇಬ್ಬರನ್ನು ಬಾಧಿಸಿದ್ದಿರಬೇಕು, ಆದರೆ ಎಷ್ಟರ ಮಟ್ಟಿಗೆಂದು ಹೇಳಲಾಗದು ಎಂದಿತು. ಆ ಬೇಸಿನ 137 ಪೈಲಟ್ಟರಲ್ಲಿ 93 ಮಂದಿ ಹೊರಗಿನಿಂದ ಓಡಾಡುವವರೆಂದೂ, 29 ಜನರ ಮನೆ ಸಾವಿರ ಮೈಲಿಗೂ ಆಚೆಯೆಂದೂ ಆಗ ತಿಳಿದುಬಂತು.

ಇದಾದ ಮೇಲೆ ಕಾನೂನು ಬಿಗಿಯಾಯಿತು. 2013ರಿಂದ ಸಹಪೈಲಟ್ಟಿಗೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟ ಬೇಕು. 2014ರಿಂದ ಸರದಿಗೆ ಮೊದಲು 10 ಗಂಟೆಗಳ ಬಿಡುವು, ಅದರಲ್ಲಿ 8 ಗಂಟೆ ನಿದ್ರೆಗೆ ಅವಕಾಶ ಕೊಡಬೇಕು. ಮನೆಯಿಂದ ಬೇಸಿಗೆ ಬರುವ ಪಯಣ ಮಾತ್ರ ಇಂದಿಗೂ ಕೆಲಸದ ಲೆಕ್ಕಕ್ಕೆ ಸೇರದು. ಬಳಲದೆ ಬರುವ ಹೊಣೆ ಪೈಲಟ್ಟನದೇ. ಓಡಾಟವನ್ನೇ ನಿಷೇಧಿಸಿದ್ದರೆ? ಮೊದಲು ಗದ್ದಲ ಎಬ್ಬಿಸುತ್ತಿದ್ದವರು ಪೈಲಟ್ಟರೇ ಎಂದು ನನಗೆ ತೋರುತ್ತದೆ; ಬಯಸಿದ ಊರಿನಲ್ಲಿ ಬಾಳುವ ಸೌಕರ್ಯವನ್ನು ಬಿಡುವುದು ಯಾರಿಗೂ ಸುಲಭವಲ್ಲ.

ಇದನ್ನೆಲ್ಲ ಲೆಕ್ಕಹಾಕಿದ ಕೆಲವರು ದೊಡ್ಡ ವಿಮಾನದ ಕ್ಯಾಪ್ಟನ್ ಪದವಿ ಕೈಗೆ ಬಂದರೂ ಒಲ್ಲೆನೆಂದು, ಮನೆಗೆ ಹತ್ತಿರದ ಬೇಸಿನಲ್ಲಿ ಸಹಪೈಲಟ್ಟಾಗಿಯೇ ಉಳಿದುಬಿಡುತ್ತಾರೆ.