ಅಪರಾಧ ಪ್ರವೃತ್ತಿಯ ಹಿನ್ನೆಲೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ಗ್ರಾಮದಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕಳವಾದರೆ ಅಥವಾ ಜಾತ್ರೆಯಲ್ಲಿ ಹೊಡೆದಾಟ ನಡೆದರೆ, ದೂರು ದಾಖಲಾಗುವ ಮೊದಲೇ ಕೆಲವು ಮನೆಗಳ ಹೆಸರು ಜನರ ಬಾಯಿಗೆ ಬರುತ್ತದೆ. ತನಿಖೆ ಪೊಲೀಸರ ಕರ್ತವ್ಯ; ಶಿಕ್ಷೆ ನ್ಯಾಯಾಲಯದ ಅಧಿಕಾರ. ಆದರೆ ಬಾಲಕನೊಬ್ಬ ಅಪರಾಧದ ದಾರಿ ಹಿಡಿಯುವ ಮುನ್ನ ತೋರುವ ಹಲವು ಲಕ್ಷಣಗಳು ಪಂಚಾಯಿತಿ ಸದಸ್ಯರ ಕಣ್ಣಳತೆಯಲ್ಲಿಯೇ ಇರುತ್ತವೆ. ಆದ್ದರಿಂದ ಈ ವಿಷಯದ ತಿಳಿವಳಿಕೆ ಅವಶ್ಯಕ.

ಅಧ್ಯಯನದಿಂದ ತಿಳಿದುಬಂದದ್ದು

ದಕ್ಷಿಣ ಲಂಡನ್ನಿನ ಕಾರ್ಮಿಕ ಪ್ರದೇಶವೊಂದರಲ್ಲಿ 8-9 ವರ್ಷದ 411 ಬಾಲಕರನ್ನು ಕುರಿತ ಅಧ್ಯಯನವೊಂದು 1961ರಲ್ಲಿ ಆರಂಭವಾಯಿತು. ಡೊನಾಲ್ಡ್ ವೆಸ್ಟ್ ಆರಂಭಿಸಿದ ಈ ಕಾರ್ಯವನ್ನು ಡೇವಿಡ್ ಫ್ಯಾರಿಂಗ್ಟನ್ ದಶಕಗಳ ಕಾಲ ಮುಂದುವರಿಸಿದರು. 50 ವರ್ಷ ವಯಸ್ಸಿನ ವೇಳೆಗೆ ಶೇ. 41ರಷ್ಟು ಮಂದಿ ಒಮ್ಮೆಯಾದರೂ ನ್ಯಾಯಾಲಯದಲ್ಲಿ ತಪ್ಪಿತಸ್ಥರೆಂದು ತೀರ್ಮಾನಗೊಂಡಿದ್ದರು. ಆದರೆ ಇಂತಹ ತೀರ್ಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೇವಲ ಶೇ. 7ರಷ್ಟು ಮಂದಿಗೆ ಸೇರಿದ್ದಿತು.

ಮುಂದೆ ಅಪರಾಧವೆಸಗಿದವರ ಬಾಲ್ಯದಲ್ಲಿ ಕೆಲವು ಅಂಶಗಳು ಹೆಚ್ಚಾಗಿ ಕಂಡುಬಂದವು. ಮುಂದಾಲೋಚನೆಯಿಲ್ಲದೆ ದುಡುಕುವ ಸ್ವಭಾವ ಮತ್ತು ಕಲಿಕೆಯಲ್ಲಿ ಹಿಂದುಳಿಯುವಿಕೆ ವೈಯಕ್ತಿಕ ಅಂಶಗಳು. ಕಡಿಮೆ ಆದಾಯ, ದೊಡ್ಡ ಕುಟುಂಬ, ಪೋಷಕರ ನಿಗಾ ಇಲ್ಲದಿರುವುದು, ಮನೆಯಲ್ಲಿ ಈಗಾಗಲೇ ಅಪರಾಧದ ಹಿನ್ನೆಲೆ ಇರುವುದು ಕೌಟುಂಬಿಕ ಮತ್ತು ಆರ್ಥಿಕ ಅಂಶಗಳು.

ಇವುಗಳಲ್ಲಿ ಯಾವುದೊಂದೂ ತಾನೇ ಅಪರಾಧಿಯನ್ನು ರೂಪಿಸುವುದಿಲ್ಲ. ಹಲವು ಅಂಶಗಳು ಒಂದೇ ಮಗುವಿನ ಮೇಲೆ ಒಟ್ಟುಗೂಡಿದಾಗ ಅಪಾಯ ಹೆಚ್ಚುತ್ತದೆ. ತಂದೆ-ತಾಯಿ ಕಬ್ಬು ಕಡಿಯಲು ವಲಸೆ ಹೋದಾಗ ಅಜ್ಜಿಯ ಬಳಿ ಉಳಿದ ಬಾಲಕನ ಮೇಲೆ ನಿಗಾ ಕಡಿಮೆಯಾಗುತ್ತದೆ, ಹಾಜರಾತಿ ತಪ್ಪುತ್ತದೆ, ಪಾಠ ಹಿಂದೆ ಬೀಳುತ್ತದೆ, ಶಾಲೆಗೆ ಹೋಗಲು ಸಂಕೋಚವಾಗುತ್ತದೆ. ಆಗ ಅವನಿಗೆ ದೊರೆಯುವ ಜೊತೆ ಎಂತಹುದೆಂಬುದು ನಿರ್ಣಾಯಕ. ಬಡತನವು ಹೀಗೆ ಪರೋಕ್ಷವಾಗಿ ಪರಿಣಾಮ ಬೀರುತ್ತದೆಯೇ ಹೊರತು, ಬಡವರೆಲ್ಲರೂ ಅಪರಾಧಿಗಳೆಂಬ ಅರ್ಥ ಇದಕ್ಕಿಲ್ಲ.

ಹಣೆಪಟ್ಟಿಯ ಅಪಾಯ

1871ರಲ್ಲಿ ಬ್ರಿಟಿಷ್ ಸರ್ಕಾರ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪರಿಗಣಿಸಿತು. ಸ್ವತಂತ್ರ ಭಾರತದಲ್ಲಿ, 1952ರಲ್ಲಿ, ಆ ಸಮುದಾಯಗಳು ಈ ಪಟ್ಟಿಯಿಂದ ಮುಕ್ತವಾದವು. ಆದರೆ ಜನರ ಸಂಶಯ ಅಷ್ಟು ಬೇಗ ಅಳಿಯಲಿಲ್ಲ. "ಕಳ್ಳನ ಮಗ" ಎಂದು ಕರೆಯಿಸಿಕೊಂಡವನಿಗೆ ಕೂಲಿ ಸಿಗದು, ಗೆಳೆತನ ಸಿಗದು. ಕೊನೆಗೆ ಅವನನ್ನು ಸೇರಿಸಿಕೊಳ್ಳುವವರು ತಪ್ಪು ದಾರಿಯಲ್ಲಿರುವವರೇ ಆಗಿರುತ್ತಾರೆ. ಈ ಕಾರಣದಿಂದಲೇ 2015ರ ಬಾಲ ನ್ಯಾಯ ಕಾಯಿದೆಯು 18 ವರ್ಷದೊಳಗಿನ, ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಕ್ಕಳ ಗುರುತನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸುವುದನ್ನು ನಿಷೇಧಿಸಿದೆ. ಗ್ರಾಮ ಸಭೆಯಲ್ಲಿಯೂ ಅಂತಹ ಮಗುವಿನ ಹೆಸರೆತ್ತಿ ಚರ್ಚಿಸುವುದು ತರವಲ್ಲ.

ಪಂಚಾಯಿತಿ ಮಾಡಬಹುದಾದದ್ದು

1. ಸತತವಾಗಿ ಗೈರುಹಾಜರಾಗುವ ಮಕ್ಕಳ ವಿವರವನ್ನು ಮುಖ್ಯ ಶಿಕ್ಷಕರಿಂದ ಪಡೆದು, ಕಾರಣ ತಿಳಿಯಲು ವಾರ್ಡಿನ ಸದಸ್ಯರು ಮನೆಗೆ ಭೇಟಿ ನೀಡುವುದು.

2. ವಲಸೆ ಹೋಗುವ ಕುಟುಂಬಗಳ ಮಕ್ಕಳಿಗೆ ವಸತಿ ನಿಲಯದ ಸೌಲಭ್ಯ ದೊರಕಿಸಲು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ವಿಷಯ ಮಂಡಿಸುವುದು.

3. ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ಸಂಜೆಯ ವೇಳೆ ತೆರೆದಿಡುವ ಏರ್ಪಾಡು ಮಾಡುವುದು. ಮಕ್ಕಳ ಗ್ರಾಮ ಸಭೆಯಲ್ಲಿ ಶಾಲೆ ಬಿಟ್ಟವರನ್ನೂ ಕರೆಯುವುದು.

4. ಹಿಂಸೆಗೆ ಅಥವಾ ನಿರ್ಲಕ್ಷ್ಯಕ್ಕೆ ಒಳಗಾದ ಮಗು ಕಂಡುಬಂದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ, ಮಾನಸಿಕ ತೊಂದರೆ ಅಥವಾ ವ್ಯಸನದ ಸಂದರ್ಭದಲ್ಲಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡುವುದು.

5. ಅಕ್ರಮ ಮದ್ಯ ಮಾರಾಟದ ಬಗ್ಗೆ ಅಬಕಾರಿ ಇಲಾಖೆಗೆ ಲಿಖಿತವಾಗಿ ತಿಳಿಸಿ, ಕೈಗೊಂಡ ಕ್ರಮವನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸುವುದು.

ಕಾರಣ ತಿಳಿಯುವುದೆಂದರೆ ತಪ್ಪನ್ನು ಮನ್ನಿಸುವುದಲ್ಲ. ಕಳವಿಗೆ ಒಳಗಾದ ರೈತನ ನಷ್ಟವೂ ನೋವೂ ನಿಜ. ಅವರಿಗೆ ನ್ಯಾಯ ಸಿಗಲೇಬೇಕು. ಮುಂದಿನ ಕಳವನ್ನು ತಪ್ಪಿಸುವ ಕೆಲಸ ಮಾತ್ರ ಠಾಣೆಗಿಂತ ಬಹಳ ಮೊದಲೇ, ಶಾಲೆಯ ಹಾಜರಾತಿ ಪುಸ್ತಕದಿಂದಲೇ ಆರಂಭವಾಗಬೇಕಾಗುತ್ತದೆ.