ಅಪೊಸ್ತಲರ ಬೋಧೆಯಲ್ಲಿ ಪ್ರಮಾಣಭೇದವೂ ಆಚಾರಭೇದವೂ

ಕ್ರೈಸ್ತಮತದ ಮೊದಲ ತಲೆಮಾರಿನ ಬೋಧಕರಾದ ಅಪೊಸ್ತಲರು ಯೆಹೂದ್ಯರಿಗೆ ಒಂದು ರೀತಿಯಾಗಿಯೂ ಯೆಹೂದ್ಯರಲ್ಲದವರಿಗೆ ಇನ್ನೊಂದು ರೀತಿಯಾಗಿಯೂ ಉಪದೇಶ ಮಾಡಿದರೆಂಬುದು ಹೊಸ ಒಡಂಬಡಿಕೆಯನ್ನು ಒಂದು ಸಾರಿ ಓದಿದವರಿಗೂ ಗೋಚರವಾಗುವ ಸಂಗತಿಯಾಗಿದೆ. ಆದರೆ ಆ ಭೇದದ ಸ್ವರೂಪವೇನೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಐಕಮತ್ಯವಿಲ್ಲ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಫರ್ಡಿನಾಂಡ್ ಕ್ರಿಸ್ಟಿಯನ್ ಬೌರ್ ಎಂಬ ಪಂಡಿತನು ೧೮೩೧ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಿಂದ ಮೊದಲುಮಾಡಿ, ಆದಿಸಭೆಯಲ್ಲಿ ಪೇತ್ರಪಕ್ಷ, ಪೌಲಪಕ್ಷ ಎಂಬ ಪರಸ್ಪರವಿರುದ್ಧವಾದ ಎರಡು ಪಕ್ಷಗಳಿದ್ದುವೆಂದು ವಾದಿಸಿದನು. ಸಂಪ್ರದಾಯಸ್ಥರಾದರೋ ಅಪೊಸ್ತಲರೆಲ್ಲರೂ ಒಂದೇ ಬಾಯಿಂದ ನುಡಿದರೆಂದು ಹೇಳಿ ವಿಷಯವನ್ನು ಮುಗಿಸುತ್ತಾರೆ. ಈ ಎರಡು ಅಭಿಪ್ರಾಯಗಳೂ ಆಧಾರಗ್ರಂಥಗಳ ಮುಂದೆ ಪೂರ್ಣವಾಗಿ ನಿಲ್ಲುವುದಿಲ್ಲ. ಸಿದ್ಧಾಂತವು ಬಹುಮಟ್ಟಿಗೆ ಒಂದೇ. ಅದನ್ನು ಸಾಧಿಸುವ ಪ್ರಮಾಣ ಬೇರೆ. ಆಚಾರದ ವಿಷಯದಲ್ಲಿ ಮಾತ್ರ ನಿಜವಾದ ಕಲಹವಿತ್ತು: ಇದೇ ಪ್ರಕೃತ ಲೇಖನದ ಪ್ರತಿಪಾದ್ಯ. ಈ ಕಲಹವು ಕನ್ನಡನಾಡಿನಲ್ಲಿ ಹೇಗೆ ಮತ್ತೆ ತಲೆದೋರಿತೆಂಬುದನ್ನೂ ಕೊನೆಯಲ್ಲಿ ವಿವೇಚಿಸಲಾಗುವುದು.

೧. ಆಧಾರಗಳು

ಇಲ್ಲಿ ನಮಗಿರುವ ಆಧಾರಗಳು ಎರಡು ಬಗೆ. ಪೌಲನು ಕ್ರಿ. ಶ. ೫೦ರಿಂದ ೬೦ರ ಸುಮಾರಿನಲ್ಲಿ ತಾನೇ ಬರೆದ ಪತ್ರಗಳು ಮೊದಲನೆಯವು. ‘ಅಪೊಸ್ತಲರ ಕೃತ್ಯಗಳು’ ಎಂಬ ಚರಿತ್ರೆ ಎರಡನೆಯದು. ಇದನ್ನು ಲೂಕನ ಹೆಸರಿನಿಂದ ಕರೆಯುವುದು ವಾಡಿಕೆ. ಇದು ಪತ್ರಗಳಿಗಿಂತ ಕೆಲವು ದಶಕಗಳ ಈಚಿನದೆಂದು ಬಹುಮಂದಿ ವಿದ್ವಾಂಸರು ಎಣಿಸುತ್ತಾರೆ. ಇದರಲ್ಲಿರುವ ಭಾಷಣಗಳನ್ನು ಅಕ್ಷರಶಃ ವರದಿಗಳೆಂದು ತಿಳಿಯಬಾರದು. ಸಂದರ್ಭಕ್ಕೆ ಒಪ್ಪುವ ಮಾತನ್ನು ಪಾತ್ರದ ಬಾಯಲ್ಲಿ ಆಡಿಸುವುದು ಗ್ರೀಕ್ ಚರಿತ್ರಕಾರರ ಪದ್ಧತಿಯಾಗಿತ್ತು. ಆದಕಾರಣ ಯಾವ ಶ್ರೋತೃವಿಗೆ ಯಾವ ಮಾತು ಒಪ್ಪುತ್ತದೆಂದು ಆ ಕಾಲದವರು ಭಾವಿಸಿದ್ದರೆಂಬುದಕ್ಕೆ ಈ ಗ್ರಂಥವು ಉತ್ತಮವಾದ ಸಾಕ್ಷಿ. ಕಲಹದ ಕಾವನ್ನು ತಿಳಿಯಬೇಕಾದರೆ ಪತ್ರಗಳನ್ನೇ ನೋಡಬೇಕು.

೨. ಯೆಹೂದ್ಯರಿಗೆ ಬೋಧೆ

ಯೆರೂಸಲೇಮಿನಲ್ಲಿ ಪಂಚಾಶತ್ತಮ ದಿನದಂದು ಪೇತ್ರನು ಮಾಡಿದ ಭಾಷಣವೂ, ಪಿಸಿದ್ಯ ಸೀಮೆಯ ಅಂತಿಯೋಕ್ಯದ ಸಭಾಮಂದಿರದಲ್ಲಿ ಪೌಲನು ಮಾಡಿದ ಭಾಷಣವೂ ಒಂದೇ ಎರಕದವು. ಪೇತ್ರನು ಪ್ರವಾದಿಯಾದ ಯೋವೇಲನಿಂದ ತೊಡಗಿ ದಾವೀದನ ಕೀರ್ತನೆಗಳಿಗೆ ಬರುತ್ತಾನೆ. ಪೌಲನು ಐಗುಪ್ತದಿಂದ ಬಿಡುಗಡೆ, ಅರಣ್ಯವಾಸ, ನ್ಯಾಯಸ್ಥಾಪಕರು, ಸೌಲ, ದಾವೀದ ಎಂದು ಕುಲದ ಕಥೆಯನ್ನು ಅನುಕ್ರಮವಾಗಿ ಹೇಳಿ, ಆ ವಂಶದಲ್ಲಿ ವಾಗ್ದಾನದ ಪ್ರಕಾರ ಹುಟ್ಟಿದವನೇ ಯೇಸು ಎಂದು ಮುಗಿಸುತ್ತಾನೆ. ನಮ್ಮ ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ನಡೆಯುವುದು ಶಬ್ದಪ್ರಮಾಣ. ಏಕದೇವನಿದ್ದಾನೆಂದಾಗಲಿ, ಅವನು ಸೃಷ್ಟಿಕರ್ತನೆಂದಾಗಲಿ ಹೇಳಬೇಕಾದ ಅವಶ್ಯಕತೆಯೇ ಇಲ್ಲ. ಶ್ರೋತೃಗಳು ಅದನ್ನು ಮೊದಲೇ ಒಪ್ಪಿರುವರು. ಅವರು ಬಹುಕಾಲದಿಂದ ನಿರೀಕ್ಷಿಸಿದ್ದ ಅಭಿಷಿಕ್ತನು ಇವನೇ ಅಹುದೋ ಅಲ್ಲವೋ ಎಂಬುದೊಂದೇ ಪ್ರಶ್ನೆ.

೩. ಅನ್ಯಜನರಿಗೆ ಬೋಧೆ

ಲುಸ್ತ್ರ ಎಂಬ ಊರಿನಲ್ಲಿ ಸಂದರ್ಭವೇ ಬೇರೆ. ಪೌಲನು ಕುಂಟನೊಬ್ಬನನ್ನು ಗುಣಪಡಿಸಿದ್ದನ್ನು ಕಂಡ ಜನರು, ಬಾರ್ನಬನನ್ನು ಜ್ಯೂಸ್ ದೇವತೆಯೆಂದೂ ಪೌಲನನ್ನು ಹೆರ್ಮೆಯೆಂದೂ ತಿಳಿದು, ಎತ್ತುಗಳನ್ನೂ ಹೂಮಾಲೆಗಳನ್ನೂ ತಂದು ಬಲಿಯರ್ಪಿಸಲು ಸಿದ್ಧರಾಗುತ್ತಾರೆ. ಆಗ ಅಪೊಸ್ತಲರಾಡಿದ ಮಾತಿನಲ್ಲಿ ಅಬ್ರಹಾಮನಿಲ್ಲ, ದಾವೀದನಿಲ್ಲ. ಯೇಸುವಿನ ಹೆಸರೂ ಇಲ್ಲ. ಆಕಾಶದಿಂದ ಮಳೆಯನ್ನೂ ಸಕಾಲಕ್ಕೆ ಬೆಳೆಯನ್ನೂ ಕೊಟ್ಟು ಮನುಷ್ಯರ ಹೃದಯವನ್ನು ಸಂತೋಷಪಡಿಸಿದವನೇ ಜೀವಸ್ವರೂಪನಾದ ದೇವರೆಂಬುದಷ್ಟೇ ಅಲ್ಲಿನ ಬೋಧೆ. ಕಾಫಿಗಿಡ ಹೂಬಿಡುವುದಕ್ಕಾಗಿ ಬೇಸಿಗೆಯ ಮಳೆಯನ್ನು ಎದುರುನೋಡುವ ಮೂಡಿಗೆರೆ, ಕಳಸಗಳ ಬೆಳೆಗಾರನಿಗೆ ಈ ವಾದವು ಭಾಷ್ಯವಿಲ್ಲದೆ ಅರ್ಥವಾಗುವಂಥದು.

ಅಥೇನೆಯ ಅರಿಯೊಪಾಗದಲ್ಲಿ ಶ್ರೋತೃಗಳು ಹಳ್ಳಿಗರಲ್ಲ, ತತ್ತ್ವಜ್ಞರು. ಅಲ್ಲಿ ಪೌಲನು, ಅಜ್ಞಾತದೇವತೆಗೆ ಮೀಸಲಾದ ಬಲಿಪೀಠವೊಂದನ್ನು ಆ ಪಟ್ಟಣದಲ್ಲಿ ಕಂಡೆನೆಂದು ಪ್ರಾರಂಭಿಸಿ, ಮನುಷ್ಯರು ದೇವರ ಸಂತಾನವೆಂಬುದಕ್ಕೆ ಗ್ರೀಕ್ ಕವಿಗಳ ಮಾತನ್ನೇ ಸಾಕ್ಷಿಯಾಗಿ ಕರೆಯುತ್ತಾನೆ. ಆ ಮಾತು ಕ್ರಿ. ಪೂ. ಮೂರನೆಯ ಶತಮಾನದ ಅರಾಟಸ್ ಎಂಬ ಕವಿಯ ಕಾವ್ಯದಲ್ಲಿ ದೊರೆಯುತ್ತದೆ. ಯೆಹೂದ್ಯರೆದುರಿಗೆ ಪ್ರವಾದಿಗಳಿಗೆ ಸಲ್ಲುವ ಸ್ಥಾನವು ಇಲ್ಲಿ ಆ ದೇಶದ ಕವಿಗಳಿಗೆ ಸಂದಿದೆ. ಈ ಭಾಷಣದಲ್ಲಿಯೂ ಯೇಸುವಿನ ಹೆಸರು ಬಾರದು. ಮರಣದಿಂದ ಎಬ್ಬಿಸಲ್ಪಟ್ಟ ಒಬ್ಬ ಪುರುಷನ ಮೂಲಕ ದೇವರು ಲೋಕಕ್ಕೆ ನ್ಯಾಯತೀರಿಸುವನೆಂಬ ಸೂಚನೆ ಮಾತ್ರ ಕೊನೆಯಲ್ಲಿ ಬರುತ್ತದೆ.

ಪ್ರಮಾಣ ಬೇರೆಯಾದರೂ ಸಿದ್ಧಾಂತ ಒಂದೆಂಬುದನ್ನು ತೋರಿಸಲು ಒಂದು ನಿದರ್ಶನ ಸಾಕು. ದೇವರು ಕೈಯಿಂದ ಕಟ್ಟಿದ ಮನೆಯಲ್ಲಿ ವಾಸಿಸುವವನಲ್ಲವೆಂಬ ವಿಚಾರವು ‘ಕೃತ್ಯಗಳು’ ಗ್ರಂಥದಲ್ಲಿ ಎರಡು ಸಾರಿ ಬರುತ್ತದೆ. ಒಂದು ಸಾರಿ ಸ್ತೆಫನನು ಅದನ್ನು ಯೆಹೂದ್ಯರ ಹಿರಿಸಭೆಯಲ್ಲಿ, ಸೊಲೊಮೋನನು ಕಟ್ಟಿಸಿದ ಆಲಯವನ್ನು ಕುರಿತು, ಯೆಶಾಯನ ಪ್ರವಾದನೆಯ ಆಧಾರದಿಂದ ಹೇಳುತ್ತಾನೆ. ಇನ್ನೊಂದು ಸಾರಿ ಪೌಲನು ಅಥೇನೆಯವರಿಗೆ, ಸೃಷ್ಟಿಕರ್ತನಿಗೆ ಯಾವ ಕೊರತೆಯೂ ಇಲ್ಲವೆಂಬ ಯುಕ್ತಿಯಿಂದ ಹೇಳುತ್ತಾನೆ. ಮಾತು ಒಂದೇ, ಸಾಕ್ಷಿಗಳು ಬೇರೆ. ಮೂಡಿಗೆರೆ ತಾಲ್ಲೂಕಿನ ದೇವರಮನೆಯನ್ನು ಬಲ್ಲವರಿಗೆ ಇದು ಇನ್ನಷ್ಟು ಸ್ಪಷ್ಟವಾದೀತು. ಅಲ್ಲಿ ಬೆಟ್ಟದ ನಡುವೆ ಕಾಲಭೈರವೇಶ್ವರನ ಗುಡಿಯಿದೆ. ಸ್ಥಳದ ಹೆಸರೇ ದೇವರ ಮನೆ. ಹೀಬ್ರೂ ಭಾಷೆಯ ‘ಬೇತೇಲ್’ ಎಂಬ ಸ್ಥಳನಾಮಕ್ಕೂ ಸರಿಯಾಗಿ ಇದೇ ಅರ್ಥ. ಯಾಕೋಬನು ಬಯಲಿನಲ್ಲಿ ತಲೆದಿಂಬಾಗಿದ್ದ ಕಲ್ಲನ್ನು ನೆಟ್ಟು, ಅದರ ಮೇಲೆ ಎಣ್ಣೆಯೆರೆದು ಆ ಹೆಸರನ್ನಿಟ್ಟನೆಂದು ಆದಿಕಾಂಡವು ತಿಳಿಸುತ್ತದೆ. ಹೀಗೆ, ದೇವರಿಗೊಂದು ನೆಲೆಯನ್ನು ಗುರುತಿಸುವುದು ಅನ್ಯಜನರ ವಾಡಿಕೆ ಮಾತ್ರವಲ್ಲ, ಯೆಹೂದ್ಯರ ಮೂಲಪುರುಷರ ವಾಡಿಕೆಯೂ ಹೌದು. ಅದನ್ನು ಮೀರಿದ ವಿಚಾರವನ್ನು ಎರಡು ಜನಾಂಗಗಳಿಗೂ ಅವರವರ ಮನೆಯೊಳಗಿನ ಸಾಕ್ಷಿಯಿಂದಲೇ ಹೇಳಬೇಕಾಯಿತು. ಅರಿಯೊಪಾಗವು ಕನ್ನಡನಾಡಿನಲ್ಲಿದ್ದಿದ್ದರೆ, ಹನ್ನೆರಡನೆಯ ಶತಮಾನದ ಶರಣರ ಸ್ಥಾವರಜಂಗಮ ವಿವೇಚನೆಯೇ ಅರಾಟಸನ ಸ್ಥಾನದಲ್ಲಿ ನಿಲ್ಲುತ್ತಿತ್ತು.

ಇದನ್ನು ನಮ್ಮವರು ಹೇಳುವ ಅಧಿಕಾರಿಭೇದವೆಂದು ಭಾವಿಸಬಾರದು. ಅಧಿಕಾರಿಭೇದದಲ್ಲಿ ಮಂದಾಧಿಕಾರಿಗೆ ಕೆಳಗಿನ ಸತ್ಯ, ಉತ್ತಮಾಧಿಕಾರಿಗೆ ಮೇಲಿನ ಸತ್ಯ. ಇಲ್ಲಿಯಾದರೋ ಇಬ್ಬರೂ ಸೇರಬೇಕಾದ ಊರು ಒಂದೇ. ಹೊರಡುವ ಊರು ಮಾತ್ರ ಬೇರೆ.

೪. ಆಚಾರದ ಕಲಹ

ವಾದದಲ್ಲಿ ಇಷ್ಟು ಸುಲಭವಾಗಿ ಪರಿಹಾರವಾದದ್ದು ಊಟದ ಪಂಕ್ತಿಯಲ್ಲಿ ಪರಿಹಾರವಾಗಲಿಲ್ಲ. ನಂಬಿದ ಅನ್ಯಜನರು ಸುನ್ನತಿ ಮಾಡಿಸಿಕೊಂಡು ಮೋಶೆಯ ಧರ್ಮಶಾಸ್ತ್ರವನ್ನು ಕೈಕೊಳ್ಳಬೇಕೇ ಎಂಬ ಪ್ರಶ್ನೆಯನ್ನು ಕುರಿತು ಕ್ರಿ. ಶ. ೪೯ರ ಸುಮಾರಿನಲ್ಲಿ ಯೆರೂಸಲೇಮಿನಲ್ಲಿ ಸಭೆ ಸೇರಿತು. ಸುನ್ನತಿ ಬೇಕಿಲ್ಲವೆಂದು ನಿರ್ಣಯವಾಯಿತು. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ಹಾದರ, ಇವನ್ನು ವರ್ಜಿಸಬೇಕೆಂದು ಮಾತ್ರ ವಿಧಿಸಿದರೆಂದು ‘ಕೃತ್ಯಗಳು’ ಹೇಳುತ್ತದೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಈ ನಿಯಮಗಳನ್ನು ಹೇಳದೆ, ಸುನ್ನತಿಯುಳ್ಳವರ ಬೋಧೆ ಪೇತ್ರನಿಗೂ ಸುನ್ನತಿಯಿಲ್ಲದವರ ಬೋಧೆ ತನಗೂ ವಹಿಸಲ್ಪಟ್ಟಿತೆಂದು ಬರೆಯುತ್ತಾನೆ.

ಅದೇ ಪತ್ರದಲ್ಲಿ ಸಿರಿಯದ ಅಂತಿಯೋಕ್ಯದ ಪ್ರಸಂಗವಿದೆ. ಪೇತ್ರನು ಅಲ್ಲಿ ಅನ್ಯಜನರ ಸಂಗಡ ಊಟಮಾಡುತ್ತಿದ್ದನು. ಯಾಕೋಬನ ಕಡೆಯವರು ಬಂದ ಮೇಲೆ ಅವನು ಹಿಂಜರಿದು ಪ್ರತ್ಯೇಕವಾದನು. ಬಾರ್ನಬನೂ ಅವನನ್ನು ಅನುಸರಿಸಿದನು. ಪೌಲನು ಎಲ್ಲರ ಮುಂದೆ ಪೇತ್ರನನ್ನು ಆಕ್ಷೇಪಿಸಿದನು. ಸಿದ್ಧಾಂತದಲ್ಲಿ ಒಪ್ಪಿದವರು ಪಂಕ್ತಿಯಲ್ಲಿ ಬೇರೆಯಾದ ಈ ಸಂಗತಿಯು ಪಂಕ್ತಿಭೇದವನ್ನು ಬಲ್ಲ ನಮಗೆ ಐರೋಪ್ಯ ವಾಚಕರಿಗಿಂತ ಹೆಚ್ಚು ಚೆನ್ನಾಗಿ ಅರ್ಥವಾಗಬೇಕು.

ಪೌಲನ ನಿಲುವಿನಲ್ಲಿ ಎರಡು ಅಂಗಗಳಿವೆ. ಒಬ್ಬರ ಆಚಾರವನ್ನು ಇನ್ನೊಬ್ಬರ ಮೇಲೆ ಹೇರಬಾರದೆಂಬುದು ಮೊದಲನೆಯದು. ಗ್ರೀಕನಾದ ತೀತನಿಗೆ ಸುನ್ನತಿ ಮಾಡಿಸುವಂತೆ ತನ್ನನ್ನು ಬಲಾತ್ಕರಿಸಲಿಲ್ಲವೆಂದು ಅವನೇ ಬರೆಯುತ್ತಾನೆ. ಯೆಹೂದ್ಯಳ ಮಗನಾದ ತಿಮೊಥೆಗೆ ಅವನೇ ಸುನ್ನತಿ ಮಾಡಿಸಿದನೆಂದು ‘ಕೃತ್ಯಗಳು’ ತಿಳಿಸುತ್ತದೆ. ಆಚಾರದ ನಿಮಿತ್ತವಾಗಿ ಪಂಕ್ತಿ ಒಡೆಯಬಾರದೆಂಬುದು ಎರಡನೆಯದು. ಯೆಹೂದ್ಯನು ಯೆಹೂದ್ಯನಾಗಿಯೂ ಗ್ರೀಕನು ಗ್ರೀಕನಾಗಿಯೂ ಇದ್ದು ಒಂದೇ ಪಂಕ್ತಿಯಲ್ಲಿ ಕೂಡಬೇಕು. ಈ ಎರಡು ಅಂಗಗಳನ್ನು ಒಟ್ಟಿಗೆ ಕಾಪಾಡುವುದೇ ಕಷ್ಟ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಯೆಹೂದ್ಯರಿಗೆ ಶಾಸ್ತ್ರ, ಅನ್ಯರಿಗೆ ಯುಕ್ತಿ ಎಂಬ ವಿಭಾಗವು ಹೊರಗಿನವರಿಗೆ ಮಾಡಿದ ಮೊದಲ ಬೋಧೆಗೆ ಮಾತ್ರ ಸಲ್ಲುತ್ತದೆ. ಅನ್ಯಜನರೇ ಹೆಚ್ಚಾಗಿದ್ದ ಗಲಾತ್ಯದ ಸಭೆಗಳಿಗೆ ಪೌಲನು ಅಬ್ರಹಾಮನ ಕಥೆಯಿಂದಲೇ ವಾದಿಸುತ್ತಾನೆ. ಒಳಗೆ ಬಂದವರಿಗೆ ಆ ಪೂರ್ವಕಥೆಯೂ ಪಿತ್ರಾರ್ಜಿತವಾಯಿತೆಂಬುದು ಅವನ ಭಾವ. ಅಲ್ಲದೆ ಸುನ್ನತಿಯಿಲ್ಲದೆ ಸಭಾಮಂದಿರಕ್ಕೆ ಬರುತ್ತಿದ್ದ ‘ದೇವಭಕ್ತ’ರೆಂಬ ಗ್ರೀಕರು ಎರಡು ವರ್ಗಗಳ ನಡುವೆ ಇದ್ದರು. ಪೇತ್ರನಿಂದ ದೀಕ್ಷಾಸ್ನಾನ ಹೊಂದಿದ ಶತಾಧಿಪತಿ ಕೊರ್ನೇಲ್ಯನು ಅಂಥವನೇ.

೫. ಕನ್ನಡನಾಡಿನಲ್ಲಿ ಅದೇ ಪ್ರಶ್ನೆ

ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸನ ಪ್ರಯತ್ನದಿಂದ ೧೮೩೧ರ ಹೊತ್ತಿಗೆ ಬೈಬಲ್ ಸಮಗ್ರವಾಗಿ ಕನ್ನಡದಲ್ಲಿ ಅಚ್ಚಾಯಿತು. ನಮಗೆ ಪರಿಚಿತವಾದ ಕನ್ನಡ ಪಾಠದಲ್ಲಿ ಮೋಶೆಯ ಕಟ್ಟಳೆಗೆ ‘ಧರ್ಮಶಾಸ್ತ್ರ’ವೆಂದೂ ಯೆಹೂದ್ಯರಲ್ಲದವರಿಗೆ ‘ಅನ್ಯಜನರು’ ಎಂದೂ ಪ್ರಯೋಗವಿದೆ. ಗ್ರೀಕ್ ಮೂಲದಲ್ಲಿರುವುದು ‘ಜನಾಂಗಗಳು’ ಎಂಬಷ್ಟೇ ಅರ್ಥದ ಪದ. ಕನ್ನಡ ಪಾಠದಲ್ಲಿ ಓದುಗನು ತಾನೇ ‘ಅನ್ಯ’ನಾಗಿಯೂ, ಅದೇ ಹೊತ್ತಿನಲ್ಲಿ ‘ಧರ್ಮಶಾಸ್ತ್ರ’ವೆಂಬ ಮಾತಿನಿಂದ ತನ್ನ ಮನುಯಾಜ್ಞವಲ್ಕ್ಯರನ್ನು ನೆನೆಯುವವನಾಗಿಯೂ ಕಾಣಿಸಿಕೊಳ್ಳುತ್ತಾನೆ. ಕನ್ನಡಿಗನು ಪ್ರಾಚೀನ ಶಾಸ್ತ್ರಾಚಾರಗಳುಳ್ಳ ಯೆಹೂದ್ಯನಿಗೆ ಸಮಾನನೇ, ಗ್ರೀಕನಿಗೆ ಸಮಾನನೇ ಎಂಬ ಸಂದೇಹವು ಇಲ್ಲಿಂದಲೇ ಏಳುತ್ತದೆ.

ಮಿಷನರಿಗಳು ಈ ಸಂದೇಹಕ್ಕೆ ಬೇರೆಬೇರೆ ಉತ್ತರ ಕೊಟ್ಟರು. ಹದಿನೇಳನೆಯ ಶತಮಾನದ ನಡುವೆ ಮೈಸೂರು ಸೀಮೆಗೆ ಬಂದ ಜೆಸ್ಯೂಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿಯು, ಮಧುರೆಯ ರಾಬರ್ಟ್ ಡಿ ನೊಬಿಲಿಯ ಮಾರ್ಗವನ್ನನುಸರಿಸಿ ಸಂನ್ಯಾಸಿಯ ವೇಷವನ್ನು ಧರಿಸಿದನು. ಆ ಪಂಥದವರು ಜಾತಿಯ ಆಚಾರವನ್ನು ಲೌಕಿಕವೆಂದೆಣಿಸಿ ಇರಗೊಟ್ಟರು. ಮಧುರೆಯಲ್ಲಿ ಮೇಲುಜಾತಿಯವರಿಗೂ ಕೆಳಜಾತಿಯವರಿಗೂ ಪ್ರತ್ಯೇಕ ಪಾದ್ರಿಗಳಿದ್ದರು. ಇದನ್ನು ಕುರಿತು ದೀರ್ಘಕಾಲ ವಿವಾದ ನಡೆದು, ೧೭೦೪ರಲ್ಲಿ ಪೋಪನ ಪ್ರತಿನಿಧಿ ಟುರ್ನಾನನೂ ೧೭೪೪ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟನೂ ಇಂಥ ಹಲವು ಆಚರಣೆಗಳನ್ನು ನಿಷೇಧಿಸಿದರು.

೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿದರು. ಸಭೆಗೆ ಸೇರುವವನು ಜಾತಿಯನ್ನು ಪೂರ್ಣವಾಗಿ ತೊರೆಯಬೇಕೆಂಬುದು ಅವರ ಕಟ್ಟಳೆ. ಸಾರಸ್ವತ ಬ್ರಾಹ್ಮಣನಾದ ಆನಂದರಾವ್ ಕೌಂಡಿನ್ಯನು ೧೮೪೪ರಲ್ಲಿ ದೀಕ್ಷಾಸ್ನಾನ ಹೊಂದಿದಾಗ ಮಂಗಳೂರಿನಲ್ಲಿ ದೊಡ್ಡ ಕ್ಷೋಭೆಯುಂಟಾಯಿತು. ಹೀಗೆ ಕುಲವನ್ನು ತೊರೆದು ಬಂದವರಲ್ಲಿ ಅನೇಕರು ಕುಲದ ವೃತ್ತಿಯನ್ನೂ ಕಳೆದುಕೊಂಡರು. ಅವರ ಜೀವನೋಪಾಯಕ್ಕೆಂದೇ ಮಿಷನ್ನಿನವರು ನೇಯ್ಗೆಯ ಶಾಲೆಗಳನ್ನೂ, ೧೮೬೫ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆಯನ್ನೂ ಸ್ಥಾಪಿಸಬೇಕಾಯಿತು.

ಪ್ರಮಾಣದ ವಿಷಯದಲ್ಲಿ ಮಾತ್ರ ಈ ಮಿಷನ್ನಿನ ಶ್ರೇಷ್ಠರು ಅರಿಯೊಪಾಗದ ದಾರಿಯನ್ನು ಮರೆಯಲಿಲ್ಲ. ಬೌರ್ ಪಂಡಿತನು ಅಧ್ಯಾಪಕನಾಗಿದ್ದ ಟ್ಯೂಬಿಂಗನ್ನಿನಲ್ಲಿಯೇ ಓದಿದ ಹರ್ಮನ್ ಮೋಗ್ಲಿಂಗನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಕನ್ನಡ ಕವಿಗಳನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದನು. ೧೮೫೮ರಲ್ಲಿ ಅದೇ ವಿಶ್ವವಿದ್ಯಾಲಯವು ಅವನಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ಫರ್ಡಿನಾಂಡ್ ಕಿಟ್ಟೆಲನು ೧೮೬೨ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿದನು, ೧೮೭೨ರಲ್ಲಿ ಯಜ್ಞವನ್ನು ಕುರಿತು ಬರೆದ ಪ್ರಬಂಧದಲ್ಲಿ ವೈದಿಕ ಯಾಗದ ವಿಚಾರದಿಂದ ಹೊರಟು ಕ್ರಿಸ್ತನ ಬಲಿಗೆ ಬಂದನು. ಕಾವ್ಯದ ಮೂಲಕ ಕನ್ನಡಿಗನನ್ನು ಗ್ರೀಕನಂತೆಯೂ, ವೇದದ ಮೂಲಕ ಯೆಹೂದ್ಯನಂತೆಯೂ ಸಂಬೋಧಿಸಿದ ಒಬ್ಬನೇ ಲೇಖಕನು ಇಲ್ಲಿದ್ದಾನೆ.

೬. ಉಪಸಂಹಾರ

ಜೆಸ್ಯೂಟರೂ ಬಾಸೆಲ್ಲಿನವರೂ ಪೌಲನನ್ನೇ ಆಧಾರವಾಗಿ ಹೇಳಬಲ್ಲವರಾಗಿದ್ದರು. ಆಚಾರವನ್ನು ಹೇರಬಾರದೆಂಬ ಮೊದಲನೆಯ ಅಂಗವನ್ನು ಹಿಡಿದವರು ಪಂಕ್ತಿಯನ್ನು ಬಿಟ್ಟರು. ಪಂಕ್ತಿ ಒಡೆಯಬಾರದೆಂಬ ಎರಡನೆಯ ಅಂಗವನ್ನು ಹಿಡಿದವರು, ಬಂದವನು ತನ್ನತನದಿಂದಲೇ ಕೂಡಬಹುದೆಂಬ ಅವಕಾಶವನ್ನು ಬಹಳ ಕಿರಿದುಮಾಡಿದರು. ಇವರಿಬ್ಬರ ಕಷ್ಟವೂ ಒಂದೇ ತೂಕದ್ದಲ್ಲ. ಸುನ್ನತಿಯ ಆಚಾರವು ಯೆಹೂದ್ಯನನ್ನು ಗ್ರೀಕನಿಂದ ಬೇರ್ಪಡಿಸುತ್ತಿತ್ತೇ ಹೊರತು, ಗ್ರೀಕನನ್ನು ಹುಟ್ಟಿನಿಂದಲೇ ಅಸ್ಪೃಶ್ಯನನ್ನಾಗಿ ಮಾಡಿ ಜೀತಕ್ಕೆ ಕಟ್ಟಿರಲಿಲ್ಲ. ಜಾತಿಯು ಆಚಾರ ಮಾತ್ರವಲ್ಲವಾದ್ದರಿಂದ ಅಂತಿಯೋಕ್ಯದ ಪಂಕ್ತಿಯ ಪ್ರಶ್ನೆಯು ಇಲ್ಲಿ ಹೆಚ್ಚು ತೀವ್ರವಾಗಿತ್ತು. ಅದನ್ನು ಬದಿಗಿಟ್ಟದ್ದು ಹೆಚ್ಚಿನ ಲೋಪವೆಂದೇ ಹೇಳಬೇಕು.

ಸಾಹಿತ್ಯದ ಉಪಾಧ್ಯಾಯರು ಈ ಗ್ರಂಥಭಾಗಗಳನ್ನು ಪಾಠಹೇಳುವಾಗ ಪೇತ್ರಮತ, ಪೌಲಮತ ಎಂದು ಎರಡು ಮತಗಳನ್ನು ಕಲ್ಪಿಸುವುದಕ್ಕಿಂತ, ಪ್ರತಿಯೊಂದು ಭಾಷಣದಲ್ಲಿಯೂ ಸಾಕ್ಷಿಯಾಗಿ ನಿಂತವರು ಯಾರು, ಪ್ರತಿಯೊಂದು ಕಲಹದಲ್ಲಿಯೂ ಪಂಕ್ತಿಯಿಂದ ಹೊರಗುಳಿದವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಕೇಳಿಸುವುದು ಮೇಲು. ಮೊದಲನೆಯ ಪ್ರಶ್ನೆಯಿಂದ ಬೋಧೆಯ ರೀತಿ ತಿಳಿಯುತ್ತದೆ. ಎರಡನೆಯದರಿಂದ ಅದರ ಬೆಲೆ ತಿಳಿಯುತ್ತದೆ.