ಕಳೆ ಕೀಳುವವರ ಕಾಡು

ಸಿಡ್ನಿ ಬಂದರಿನ ಉತ್ತರ ದಂಡೆಯಲ್ಲಿ ಮಾಸ್ಮನ್ ಎಂಬ ಬಡಾವಣೆಯಿದೆ. ನೀರಿಗೆ ಚಾಚಿಕೊಂಡ ಅದರ ಭೂಶಿರಗಳ ಮೇಲೆ ಮರಳುಗಲ್ಲು, ಅದರ ಮೇಲೆ ತೆಳ್ಳನೆ ಮಣ್ಣು, ಅದರಲ್ಲೇ ಬೇರುಬಿಟ್ಟ ಕುರುಚಲು ಕಾಡು. 1960ರ ದಶಕದಲ್ಲಿ ಐಲೀನ್ ಬ್ರಾಡ್ಲಿ ಮತ್ತು ಜೋನ್ ಬ್ರಾಡ್ಲಿ ಎಂಬ ಅಕ್ಕತಂಗಿ ಆ ಕಾಡಿನ ಕಾಲುದಾರಿಗಳಲ್ಲಿ ತಿರುಗಾಡುತ್ತಿದ್ದರು. ಸುಮ್ಮನೆ ನಡೆದುಹೋಗುವ ಜಾಯಮಾನ ಅವರದಲ್ಲ. ಅದಕ್ಕೂ ಮೊದಲೇ ನೀಲಿ ರೆನ್ ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿ, ಅವುಗಳ ನಡವಳಿಕೆಯ ಬಗ್ಗೆ ಪಕ್ಷಿಶಾಸ್ತ್ರದ ಪತ್ರಿಕೆಗೆ ಬರೆದವರು ಅವರು.

ಆ ಕಾಡಿಗೆ ಕಳೆ ಹೊಕ್ಕಿತ್ತು. ಮುಖ್ಯ ಕಳೆಗಳಲ್ಲಿ ಒಂದು ನಮಗೂ ಚೆನ್ನಾಗಿ ಗೊತ್ತಿರುವ ಲಂಟಾನ. ಅಮೆರಿಕದ ಉಷ್ಣವಲಯದಿಂದ ಹೂದೋಟದ ಅಲಂಕಾರಕ್ಕೆಂದು ಹೊರಟ ಈ ಗಿಡ 19ನೇ ಶತಮಾನದಲ್ಲಿ ಭಾರತವನ್ನೂ ಆಸ್ಟ್ರೇಲಿಯವನ್ನೂ ತಲುಪಿತು. ಎರಡೂ ಕಡೆ ಬೇಲಿ ಹಾರಿತು. ಮಾಸ್ಮನ್‌ನಲ್ಲಿ ಕೂಲಿಯಾಳುಗಳು ಪೊದೆಗಳನ್ನು ಸಾರಾಸಗಟು ಸವರಿ ಹಾಕುತ್ತಿದ್ದರು. ನೋಡಲು ಚೊಕ್ಕಟ. ಆದರೆ ಬೆತ್ತಲೆ ಮಣ್ಣಿನ ಮೇಲೆ ಬಿಸಿಲು ಬಿದ್ದದ್ದೇ ತಡ, ಮೊದಲು ಏಳುತ್ತಿದ್ದದ್ದು ಮತ್ತೆ ಕಳೆಯೇ, ಅದೂ ಮೊದಲಿಗಿಂತ ದಟ್ಟವಾಗಿ.

ಅಕ್ಕತಂಗಿ ಇದಕ್ಕೆ ತದ್ವಿರುದ್ಧವಾಗಿ ನಡೆದರು. ಕಳೆ ಅತಿ ಹೆಚ್ಚಿದ್ದ ಕಡೆ ಕೈಯೇ ಹಾಕಲಿಲ್ಲ. ಕಾಡು ಇನ್ನೂ ಗಟ್ಟಿಯಾಗಿದ್ದ ಜಾಗದಲ್ಲಿ, ಅಲ್ಲೊಂದು ಇಲ್ಲೊಂದು ನುಸುಳಿದ್ದ ಕಳೆಯನ್ನು ಕಿತ್ತರು. ಅಲ್ಲಿಂದ ಕೆಟ್ಟ ಜಾಗದತ್ತ ಇಷ್ಟಿಷ್ಟೇ ಸರಿದರು. ಕೀಳುವಾಗ ಮಣ್ಣನ್ನು ಕದಡಿದ್ದು ಆದಷ್ಟು ಕಡಿಮೆ; ಸರಿಸಿದ ತರಗೆಲೆಯನ್ನು ಅದೇ ಜಾಗಕ್ಕೆ ಮರಳಿ ಹರಡಿದರು. ತೆರವಾದ ಜಾಗದಲ್ಲಿ ಊರಿನ ಸಸಿಗಳೇ ಎದ್ದು ನಿಲ್ಲುವವರೆಗೆ ಮುಂದಿನ ಹೆಜ್ಜೆ ಇಡಲಿಲ್ಲ. ಕೆಲಸದ ವೇಗವನ್ನು ಗೊತ್ತುಮಾಡಿದ್ದು ಕೆಲಸಗಾರರಲ್ಲ, ಗಿಡಗಳು. ಇಡೀ ಪದ್ಧತಿಯಲ್ಲಿ ನನಗೆ ಅತ್ಯಂತ ಕಷ್ಟದ್ದೆಂದು ತೋರುವುದು ಈ ಕೊನೆಯ ಕಟ್ಟಳೆ. ಭಾನುವಾರ ಬೆಳಿಗ್ಗೆ ಹುರುಪಿನಿಂದ ಬಂದ ಐವತ್ತು ಜನರಿಗೆ ‘ಇವತ್ತಿಗೆ ಇಷ್ಟು ಸಾಕು’ ಎಂದು ಹೇಳುವವರು ಯಾರು?

ಇದು ಫಲಿಸಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಮಣ್ಣಿನಲ್ಲಿದೆ. ಅಕೇಶಿಯಾ ಜಾತಿಯ ಬೀಜಗಳ ಸಿಪ್ಪೆ ಎಷ್ಟು ಗಟ್ಟಿಯೆಂದರೆ ದಶಕಗಟ್ಟಲೆ ಮಣ್ಣಿನಡಿ ಕಾದು ಕೂರಬಲ್ಲವು. ಮೇಲೆ ಕಳೆ ಮುಚ್ಚಿದ್ದರೂ ಕಾಡಿನ ಬೀಜದ ದಾಸ್ತಾನು ಒಳಗೆ ಉಳಿದಿತ್ತು. ಜೊತೆಗೆ ಸಿಡ್ನಿಯ ಮರಳುಗಲ್ಲಿನ ಮಣ್ಣಿನಲ್ಲಿ ರಂಜಕ ಬಲು ಕಡಿಮೆ. ಬ್ಯಾಂಕ್ಸಿಯಾದಂಥ ಗಿಡಗಳು ಕುಂಚದ ಹಾಗೆ ಒತ್ತಾದ ಬೇರುಗಳನ್ನು ಬೆಳೆಸಿ, ಆಮ್ಲ ಒಸರಿಸಿ, ಇದ್ದಬದ್ದ ರಂಜಕವನ್ನು ಹೀರಿ ಬದುಕುತ್ತವೆ. ಮನೆಗಳ ಮೋರಿ ನೀರು, ತೋಟದ ಗೊಬ್ಬರ ಹರಿದುಬಂದ ಕಡೆ ಮಾತ್ರ ಆಟ ತಿರುಗುಮುರುಗು: ಅಲ್ಲಿ ಕಳೆಗೆ ಹಬ್ಬ, ಸ್ಥಳೀಯ ಗಿಡಕ್ಕೆ ಅಜೀರ್ಣ. ಮಣ್ಣು ಹದಗೆಡದ ಜಾಗದಿಂದ ಕೆಲಸ ಶುರುಮಾಡಿದ್ದರ ಹಿಂದೆ ಇಂಥ ಲೆಕ್ಕವೂ ಅಡಗಿತ್ತು.

1970ರ ದಶಕದಲ್ಲಿ ನ್ಯೂ ಸೌತ್ ವೇಲ್ಸ್‌ನ ನ್ಯಾಷನಲ್ ಟ್ರಸ್ಟ್ ಈ ಪದ್ಧತಿಯನ್ನು ಕೈಗೆತ್ತಿಕೊಂಡಿತು. ಐಲೀನ್ 1976ರಲ್ಲಿ, ಜೋನ್ 1982ರಲ್ಲಿ ತೀರಿಕೊಂಡರು. ಅವರ ಪುಸ್ತಕ 1988ರಲ್ಲಿ ಹೊರಬಂತು. ಈಗ ಆಸ್ಟ್ರೇಲಿಯದ ಎಷ್ಟೋ ಸ್ಥಳೀಯಾಡಳಿತಗಳು ಸ್ವಯಂಸೇವಕರ ಗುಂಪುಗಳನ್ನು ನಡೆಸುತ್ತವೆ. ಹೊಸಬರು ಅಲ್ಲಿ ಮೊದಲು ಕಲಿಯಬೇಕಾದ್ದು ನೆಡುವುದನ್ನಲ್ಲ, ಎರಡೆಲೆಯ ಸಸಿಯನ್ನು ಗುರುತಿಸುವುದನ್ನು. ಬೆಳೆದ ಗಿಡವನ್ನು ಯಾರಾದರೂ ಗುರುತಿಸಿಯಾರು. ಬೆರಳುದ್ದದ ಸಸಿ ಕಳೆಯೋ ಕಾಡಿನದೋ ಎಂದು ಹೇಳಲು ಅನುಭವಿಗಳ ಪಕ್ಕದಲ್ಲಿ ಮಂಡಿಯೂರಿ ಕೂರಬೇಕು. ಲಂಟಾನವಾದರೆ ಸ್ವಲ್ಪ ಸಲೀಸು: ಎದುರುಬದುರು ಒರಟು ಎಲೆ, ಉಜ್ಜಿದರೆ ಮೂಗಿಗೆ ಬಡಿಯುವ ಘಾಟು.

ಪದ್ಧತಿಗೆ ಟೀಕೆಯೂ ಬಂತು. ಮಣ್ಣನ್ನು ಮುಟ್ಟದೆ ಬಿಟ್ಟರೆ ಸಾಕೆಂದರೆ, ಬೆಂಕಿಯ ಬಿಸಿ ತಾಗಿದ ಮೇಲಷ್ಟೇ ಸಿಪ್ಪೆ ಒಡೆಯುವ ಬೀಜಗಳ ಗತಿಯೇನು? ಬಿಸಿಯಷ್ಟೇ ಅಲ್ಲ, ಬೆಂಕಿಯ ಹೊಗೆಯೂ ಬೀಜವನ್ನು ಎಬ್ಬಿಸುತ್ತದೆ: 2004ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ವಿಜ್ಞಾನಿಗಳು ಹೊಗೆಯಲ್ಲಿ ಮೊಳಕೆಯನ್ನು ಪ್ರಚೋದಿಸುವ ರಾಸಾಯನಿಕವನ್ನೇ ಪತ್ತೆಹಚ್ಚಿದರು. ಕಿತ್ತ ಕಳೆಯನ್ನು ಅಲ್ಲಲ್ಲೇ ಗುಡ್ಡೆ ಹಾಕಿ ಸುಡುವ ಪ್ರಯೋಗಗಳೂ ನಡೆದಿವೆ.

ಮಾಸ್ಮನ್ನಿನ ಪಾಠವನ್ನು ಹಾಗೇ ತಂದು ಮಲೆನಾಡಿಗೆ ಹಚ್ಚಲಾಗದು. ಧೂಪ, ಹಲಸು, ಕಾಡುಮಾವಿನ ಬೀಜ ಒಣಗಿದರೆ ಸತ್ತಿತು. ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುವ ಜಾತಿಯಲ್ಲ. ಮಳೆಕಾಡು ಒಮ್ಮೆ ಹೋದರೆ ಮಣ್ಣಿನಡಿ ಈ ಮರಗಳ ದಾಸ್ತಾನು ಉಳಿಯದು. ಬೀಜದುಂಡೆ ಎಸೆಯುವ ನಮ್ಮ ಉತ್ಸಾಹದ ಬಗ್ಗೆ ನನ್ನ ತಕರಾರು ಇಲ್ಲೇ ಇರುವುದು: ಯಾವ ಬೀಜ, ಅದು ಒಣಮಣ್ಣಿನಲ್ಲಿ ಎಷ್ಟು ದಿನ ಬದುಕುತ್ತದೆ ಎಂದು ಕೇಳದೆ ಎಸೆಯುತ್ತೇವೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾತೋಟಗಳ ನಡುವೆ ಉಳಿದ ಕಾಡಿನ ತುಣುಕುಗಳನ್ನು ದುರಸ್ತಿ ಮಾಡುತ್ತಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಬೇರೆ ದಾರಿ ಹಿಡಿದಿದೆ. ರಸ್ತೆ ಮೇಲೆ ಉದುರಿ ವ್ಯರ್ಥವಾಗುವ ಬೀಜಗಳನ್ನು ಆಯ್ದು, ನೂರಕ್ಕೂ ಹೆಚ್ಚು ಜಾತಿಯ ಸಸಿಗಳನ್ನು ನರ್ಸರಿಯಲ್ಲಿ ಬೆಳೆಸಿ ನೆಡುತ್ತಾರೆ. ಅಲ್ಲಿಯೂ ಮೊದಲ ಕೆಲಸ ಕಳೆ ತೆಗೆಯುವುದೇ. ತಾನಾಗಿ ಹುಟ್ಟಿದ ಸಸಿಯನ್ನು ಉಳಿಸಿಕೊಳ್ಳುವುದೇ.

ಇನ್ನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಾಡುಜ್ಞಾನಕ್ಕೆ ಯಾವ ಪುಸ್ತಕವೂ ಬೇಕಿರಲಿಲ್ಲ. ಬೇಸಿಗೆ ಬಲಿಯುವ ಮೊದಲೇ ನೆಲದ ಎಲೆಕಸವನ್ನಷ್ಟೇ ಸುಡುವ ‘ತರಗು ಬೆಂಕಿ’ ಅವರ ರೂಢಿಯಾಗಿತ್ತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿಗೆ ತಡೆ ಬಿತ್ತು. ಲಂಟಾನ ಹೀಗೆ ಹಬ್ಬಲು ತರಗು ಬೆಂಕಿ ನಿಂತದ್ದೇ ಒಂದು ಮುಖ್ಯ ಕಾರಣ ಎಂಬುದು ಸೋಲಿಗ ಹಿರಿಯರ ಮಾತು. ಏಟ್ರೀ ಸಂಸ್ಥೆಯ ಸಂಶೋಧಕರು ಅದನ್ನು ಅವರೊಡನೆ ಕೂತು ದಾಖಲಿಸಿದ್ದಾರೆ. ಹಾಗೆಂದು ಇಂದು ಕಡ್ಡಿ ಗೀರುವಂತಿಲ್ಲ. ಆಳೆತ್ತರದ ಪೊದೆಗೆ ಹತ್ತಿದ ಬೆಂಕಿ ಮರದ ತಲೆಗೇರುತ್ತದೆ, ಲಂಟಾನವೋ ಸುಟ್ಟ ಬುಡದಿಂದ ಮತ್ತೆ ಚಿಗುರುತ್ತದೆ.

ಹಾಗಾದರೆ ಪೊದೆಗೆ ಏನು ಮದ್ದು? ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಹುಲಿಧಾಮದಲ್ಲಿ ಪ್ರಯೋಗಿಸಿದ ವಿಧಾನಕ್ಕೆ ಗುದ್ದಲಿಯೊಂದು ಸಾಕು. ನೆಲದಿಂದ 3–5 ಸೆಂಟಿಮೀಟರ್ ಕೆಳಗೆ, ಚಿಗುರೊಡೆಯುವ ಭಾಗದ ಅಡಿಯಲ್ಲಿ, ತಾಯಿಬೇರು ಕತ್ತರಿಸಿ ಪೊದೆಯನ್ನು ಬುಡ ಮೇಲಾಗಿ ಕವುಚಿಡುವುದು, ಅಷ್ಟೆ. ಮಣ್ಣು ಹೆಚ್ಚು ಕದಡದು, ಕಾಂಡ ಮತ್ತೆ ಬೇರು ಬಿಡದು. ನಂತರದ ಮಳೆಗಾಲಗಳಲ್ಲಿ ಸ್ವಯಂಸೇವಕರು ಮೊದಲು ನೋಡಬೇಕಾದ ಜಾಗ ಒಂಟಿಮರಗಳ ಬುಡ. ಲಂಟಾನದ ಹಣ್ಣು ತಿಂದ ಪಿಕಳಾರ ಹಕ್ಕಿಗಳು ಕೂತು ಬೀಜ ಉದುರಿಸುವುದು ಅಲ್ಲೇ. ನೆಲ ಹಸಿಯಿರುವಾಗ ಆ ಸಸಿಗಳು ಎರಡು ಬೆರಳಿಗೆ ಬೇರುಸಮೇತ ಬರುತ್ತವೆ.